ಎಲ್ಲ ಮೆಸೇಜೂ ಮೆಜೆಸ್ಟಿಕ್‌ಗೇ ಯಾಕೆ ಬರಬೇಕು?

ನಮ್ಮ ಸಂಸ್ಥೆಗೆ ಒಂದು ಗ್ರೂಪ್ ಫೋಟೋ ಇಲ್ಲ. ವಾರ್ಷಿಕ ವರದಿ ಡಿಸೈನ್ ಮಾಡುವ ಹುಡುಗ ಪ್ರತಿ ವರ್ಷ ಕೇಳುತ್ತಾನೆ. ನಾವು ಪ್ರತಿ ವರ್ಷ ಬೇರೆ ಬೇರೆ ಊರಿನ ಮೂರ್ನಾಲ್ಕು ಫೋಟೋ ಕಳಿಸಿ ಹೇಗೋ ಜೋಡಿಸಿಕೋ ಮಾರಾಯ ಅನ್ನುತ್ತೇವೆ. ಜಯನಗರದಲ್ಲಿ ಒಂದು ಬಾಡಿಗೆ ಮನೆಯ ಮಹಡಿ, ಅದೇ ಆಫೀಸು. ಅಲ್ಲಿ ಕೂರುವವರು ಬೆರಳೆಣಿಕೆಯ ಜನ. ಉಳಿದವರು ಯಾದಗಿರಿ, ರಾಯಚೂರು, ಚಾಮರಾಜನಗರದ ತಾಲ್ಲೂಕುಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಜೊತೆ ಕೆಲಸ ಮಾಡುವ ಫೀಲ್ಡ್ ಕೋಆರ್ಡಿನೇಟರ್‌ಗಳು. ಅವರ ಜೊತೆಗೆ ವಾಲಂಟಿಯರ್‌ಗಳು. ವೈಟ್‌ಫೀಲ್ಡಿನ ಐಟಿ ಹುಡುಗರು, ರಾಜಾಜಿನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮೈಸೂರಿನ ಒಬ್ಬ ಮೇಷ್ಟ್ರು, ಮಗು ಮಲಗಿದ ಮೇಲೆ ಆ ಗ್ರಂಥಾಲಯಗಳಿಗೆ ಬರುವ ಮಕ್ಕಳಿಗೆ ಅಂತ ಮೊಬೈಲಿನಲ್ಲಿ ಕಥೆ ಓದಿ ರೆಕಾರ್ಡ್ ಮಾಡುವ ತಾಯಂದಿರು. ಇವರಲ್ಲಿ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಇಷ್ಟು ಚದುರಿದವರನ್ನು ಒಂದು ಟೀಮ್ ಮಾಡುವುದು ಹೇಗೆ ಅಂತ ಕೇಳುವವರು ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಯಾವ ಆ್ಯಪ್ ಬಳಸುತ್ತೀರಿ? ಬೆಂಗಳೂರಿನವರಿಗೆ ಎಲ್ಲದಕ್ಕೂ ಒಂದು ಆ್ಯಪ್ ಇರಲೇಬೇಕು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ಸುದ್ದಿ ಯಾವ ಕಡೆ ಹೋಗುತ್ತಿದೆ ಅನ್ನೋದನ್ನು. ನಾನು ಕಂಡ ಹೆಚ್ಚಿನ ಎನ್‌ಜಿಒಗಳಲ್ಲಿ ಅದು ಒಂದೇ ದಿಕ್ಕಿಗೆ ಹೋಗುತ್ತದೆ. ಊರಿಂದ ಬೆಂಗಳೂರಿಗೆ, ಬೆಂಗಳೂರಿಂದ ಡೋನರ್‌ಗೆ. ವಾಪಸ್ ಬರುವುದು ಕಡಿಮೆ, ಒಂದು ತಾಲ್ಲೂಕಿಂದ ಇನ್ನೊಂದು ತಾಲ್ಲೂಕಿಗೆ ನೇರ ಹೋಗುವುದು ಇನ್ನೂ ಕಡಿಮೆ. ಟೀಮ್ ಅನ್ನೋದು ಹುಟ್ಟಿದರೆ ಈ ಎರಡು ದಾರಿಯಲ್ಲೇ ಹುಟ್ಟುತ್ತದೆ ಅಂತ ನನಗೆ ದಿನೇ ದಿನೇ ಗಟ್ಟಿಯಾಗುತ್ತಿದೆ.

ದೂರದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಎಂಐಟಿಯಲ್ಲಿದ್ದ ಥಾಮಸ್ ಆಲೆನ್ ಅನ್ನುವವರು ಎಂಜಿನಿಯರುಗಳ ಮೇಲೆ ಅಧ್ಯಯನ ಮಾಡಿ 1977ರಲ್ಲಿ ಪ್ರಕಟಿಸಿದರು. ಯಾರು ಯಾರ ಜೊತೆ ಎಷ್ಟು ಸಲ ಕೆಲಸದ ಮಾತಾಡುತ್ತಾರೆ, ಅವರ ಮೇಜುಗಳ ನಡುವೆ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕಿದರು. ದೂರ ಜಾಸ್ತಿಯಾದ ಹಾಗೆ ಮಾತು ಧಡಾರನೆ ಇಳಿಯುತ್ತದೆ. ಸುಮಾರು 50 ಮೀಟರ್ ದಾಟಿದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬರೀ 50 ಮೀಟರ್! ನಮ್ಮಲ್ಲಿ ವೈಟ್‌ಫೀಲ್ಡಿಗೂ ಜಯನಗರಕ್ಕೂ ನಡುವೆ ಇಡೀ ಬೆಂಗಳೂರೇ ಇದೆ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿಯಾಯಿತು, ಈಗ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಬರಬಹುದು. ಅದಕ್ಕೂ ಮೊದಲು ವೈಟ್‌ಫೀಲ್ಡಿನವರಿಗೆ ವಾರದ ದಿನ ಆಫೀಸಿಗೆ ಬನ್ನಿ ಅನ್ನುವುದೂ ಒಂದೇ, ಯಾದಗಿರಿಗೆ ಬನ್ನಿ ಅನ್ನುವುದೂ ಒಂದೇ. ಯಾದಗಿರಿಗಾದರೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮಲಗಿಬಿಡಬಹುದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅದೂ ಆಗಲ್ಲ.

ಇದೇ ಊರಿನ ಕೆರೆ ಗುಂಪುಗಳನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಜೆ.ಪಿ. ನಗರದ ಹತ್ತಿರದ ಪುಟ್ಟೇನಹಳ್ಳಿ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. ಜಕ್ಕೂರು, ಕೈಕೊಂಡ್ರಹಳ್ಳಿ ಕೆರೆಗಳಿಗೂ ಹಾಗೆ ಕಾಳಜಿ ಮಾಡುವವರಿದ್ದಾರೆ. ಬೆಳಿಗ್ಗೆ ವಾಕಿಂಗ್‌ಗೆ ಬಂದವರೇ ವಾಲಂಟಿಯರ್‌ಗಳು. ಒಳಹರಿವಿನಲ್ಲಿ ಕೊಳಚೆ ಕಂಡರೆ ಆಗಲೇ ನಾಲ್ಕು ಜನ ನೋಡಿರುತ್ತಾರೆ. ನೆಟ್ಟ ಗಿಡ ಚಿಗುರಿತೋ ಒಣಗಿತೋ ಮುಂದಿನ ವಾರ ಎಲ್ಲರಿಗೂ ಗೊತ್ತು, ಯಾರೂ ರಿಪೋರ್ಟ್ ಬರೆಯಬೇಕಿಲ್ಲ. ನಮ್ಮ ಥರದ ಟೀಮಿಗೆ ಇಲ್ಲದಿರುವುದು ಇದೇ. ಮಾಡಿದ ಕೆಲಸ ಮುಂದೆ ಏನಾಯಿತು ಅಂತ ಸುಮ್ನೆ ನಡೆದು ಹೋಗಿ ನೋಡುವುದಕ್ಕೆ ಆಗಲ್ಲ. ಯಾರಾದರೂ ಹೇಳಬೇಕು. ಹೇಳುವುದು ಯಾರ ಕೆಲಸವೂ ಆಗಿರುವುದಿಲ್ಲ.

ಒಬ್ಬರ ಮುಖ ಒಬ್ಬರು ನೋಡದೆಯೂ ಜನ ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲರು ಅನ್ನುವುದನ್ನು ಈ ಊರು ಒಮ್ಮೆ ಕಂಡಿದೆ. 2021ರ ಏಪ್ರಿಲ್-ಮೇ, ಕೋವಿಡ್‌ನ ಎರಡನೇ ಅಲೆ. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಪರಿಚಯವೇ ಇಲ್ಲದವರು ರಾತ್ರೋರಾತ್ರಿ ಗುಂಪು ಕಟ್ಟಿಕೊಂಡು ಫೋನ್ ಹಿಡಿದು ಕೂತರು. ಒಬ್ಬರು ನಂಬರ್ ಹುಡುಕುವುದು, ಇನ್ನೊಬ್ಬರು ಕರೆ ಮಾಡಿ ಖಾತ್ರಿ ಮಾಡುವುದು, ಮತ್ತೊಬ್ಬರು ರೋಗಿಯ ಮನೆಯವರಿಗೆ ತಿಳಿಸುವುದು. ಅವರನ್ನು ಯಾರೂ ಟ್ರೇನಿಂಗ್ ಕೊಟ್ಟು ತಯಾರು ಮಾಡಿರಲಿಲ್ಲ. ಹಾಗಿದ್ದರೂ ಯಾಕೆ ನಡೆಯಿತು? ಎಲ್ಲರೂ ಸಂಕಟದಲ್ಲಿದ್ದರು ಅನ್ನುವುದು ಒಂದು ಕಾರಣ, ನಿಜ. ಇನ್ನೊಂದು ಕಾರಣದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅಲ್ಲಿ ಉತ್ತರ ಬೇಗ ವಾಪಸ್ ಬರುತ್ತಿತ್ತು. ನೀವು ಕೊಟ್ಟ ನಂಬರ್‌ನಿಂದ ಸಿಲಿಂಡರ್ ಸಿಕ್ಕಿತೋ ಇಲ್ಲವೋ ಅಂತ ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತಿತ್ತು. ಯಾರು ಖಾತ್ರಿ ಮಾಡಿದರು, ಎಷ್ಟು ಗಂಟೆಗೆ, ಎಲ್ಲ ಗುಂಪಿನವರು ಹಂಚಿಕೊಂಡ ಆನ್‌ಲೈನ್ ಶೀಟಿನಲ್ಲಿ ಇರುತ್ತಿತ್ತು. ಸಿಗಲಿಲ್ಲ ಅನ್ನುವ ಉತ್ತರ ಬಂದರೂ ಜನ ಮುಂದಿನ ಕರೆ ಮಾಡುತ್ತಿದ್ದರು. ಅಲೆ ಇಳಿದ ಮೇಲೆ ಆ ಗುಂಪುಗಳೂ ಕರಗಿದವು, ಅದು ಸಹಜ. ಆ ವೇಗದಲ್ಲಿ ಯಾರೂ ವರ್ಷಗಟ್ಟಲೆ ಬದುಕೋಕಾಗಲ್ಲ.

ನಿಧಾನದ ಕೆಲಸಕ್ಕೆ ಉದಾಹರಣೆ ಬೇಕು ಅಂದರೆ ಕನ್ನಡ ವಿಕಿಪೀಡಿಯ ಇದೆ. 2003ರಲ್ಲಿ ಶುರುವಾದದ್ದು, ಇವತ್ತಿಗೂ ಸಂಬಳವಿಲ್ಲದವರೇ ಬರೆಯುತ್ತಾರೆ. ಅಲ್ಲಿ ಪ್ರತಿ ಪುಟಕ್ಕೂ ಒಂದು ಇತಿಹಾಸ ಇರುತ್ತದೆ, ಯಾರು ಯಾವಾಗ ಏನು ಬದಲಾಯಿಸಿದರು ಅಂತ. ಪಕ್ಕದಲ್ಲೇ ಒಂದು ಚರ್ಚೆ ಪುಟ. ನೀವು ಬರೆದ ಸಾಲನ್ನು ಯಾರೋ ತಿದ್ದಿದರೆ ಗೊತ್ತಾಗುತ್ತದೆ, ಜಗಳ ಮಾಡಬೇಕಿದ್ದರೆ ಜಾಗ ಇದೆ. ಇಷ್ಟಿದ್ದರೂ ಅವರು ಆಗಾಗ ಸಮ್ಮಿಲನ ಅಂತ ಎದುರಾಬದುರು ಸೇರುತ್ತಾರೆ ಅನ್ನುವುದನ್ನೂ ಗಮನಿಸಬೇಕು.

ಈಗ ನಮ್ಮ ಕಥೆಗೆ ಬರುತ್ತೇನೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಇಲಾಖೆ 'ಓದುವ ಬೆಳಕು' ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಕೆಲಸ ಸಿಕ್ಕಿದ್ದು ಇಲ್ಲಿ. ಗಮನಿಸಿ, ಗ್ರಂಥಾಲಯದ ಮೇಲ್ವಿಚಾರಕರು ನಮ್ಮ ಸಿಬ್ಬಂದಿಯಲ್ಲ, ಪಂಚಾಯಿತಿಯವರು. ಕೋಆರ್ಡಿನೇಟರ್‌ಗಳು ನಮ್ಮ ಸಿಬ್ಬಂದಿ, ವಾಲಂಟಿಯರ್‌ಗಳು ಯಾರ ಸಿಬ್ಬಂದಿಯೂ ಅಲ್ಲ. ಒಂದು ಮಗುವಿನ ಕೈಗೆ ಒಂದು ಕಥೆ ತಲುಪಬೇಕಾದರೆ ಈ ಮೂರೂ ಥರದವರು ಬೇಕು. ಈ ಮೂರರಲ್ಲಿ ಎರಡು ಥರದವರಿಗೆ ನಾನು ಆರ್ಡರ್ ಮಾಡೋಕೇ ಆಗಲ್ಲ. ಮಾಡಬಾರದು ಕೂಡ.

ವಾಲಂಟಿಯರ್‌ಗಳು ಕಥೆ ಓದಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಕಥೆಗಳಿಗೇನೂ ಬರ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಅನ್ನುವ ಆನ್‌ಲೈನ್ ಕಥೆಗಳ ತಾಣ ಶುರು ಮಾಡಿದ ಮೇಲೆ ಮುಕ್ತ ಲೈಸೆನ್ಸಿನ, ಅಂದರೆ ಯಾರು ಬೇಕಾದರೂ ಬಳಸಬಹುದಾದ, ಕನ್ನಡ ಕಥೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ರೆಕಾರ್ಡಿಂಗ್ ಆಫೀಸಿಗೆ ಬರುತ್ತಿತ್ತು, ನಾವು ಡ್ರೈವ್‌ಗೆ ಹಾಕುತ್ತಿದ್ದೆವು, ಕೋಆರ್ಡಿನೇಟರ್ ಇಳಿಸಿಕೊಂಡು ಹೋಗುತ್ತಿದ್ದರು. ಓದಿದವರಿಗೆ ನಮ್ಮಿಂದ ಒಂದು ಥ್ಯಾಂಕ್ಯೂ ಮತ್ತು ಎರಡು ಕೈ ಮುಗಿಯುವ ಇಮೋಜಿ. ಒಂದಿಷ್ಟು ತಿಂಗಳಾದ ಮೇಲೆ ಅವರು ಕಳಿಸುವುದು ನಿಲ್ಲಿಸುತ್ತಿದ್ದರು. ವಾಲಂಟಿಯರ್‌ಗಳು ಅಂದರೆ ಹೀಗೇ, ಬರ್ತಾರೆ ಹೋಗ್ತಾರೆ ಅಂತ ನಮ್ಮ ವಲಯದಲ್ಲಿ ಎಲ್ಲರೂ ಹೇಳುವ ಮಾತಿದೆಯಲ್ಲ, ಅದನ್ನೇ ನಾವೂ ಹೇಳಿಕೊಳ್ಳಬಹುದಿತ್ತು.

ಬದಲಾದದ್ದು ಒಂದು ದೂರಿನಿಂದ. ಸುರಪುರ ತಾಲ್ಲೂಕಿನ ನಮ್ಮ ಕೋಆರ್ಡಿನೇಟರ್ ಒಂದು ವಾಯ್ಸ್ ಮೆಸೇಜ್ ಹಾಕಿದರು. "ಮೇಡಂ, ಆ ಹುಲಿ ಕಥಿ ಓದಿದ ಅಕ್ಕಾರು ಭಾಳ ಗಡಿಬಿಡಿ ಮಾಡ್ತಾರ್ರೀ. ಹುಲಿ ಯಾವಾಗ ಬಂತು, ಯಾವಾಗ ಹೋತು, ಹುಡುಗ್ರಿಗೆ ತಿಳಿವಲ್ದು." ಮಾಮೂಲಿಯಾಗಿ ಇಂಥದ್ದನ್ನು ಆಫೀಸಿನವರು ನಯ ಮಾಡಿ, ಸಕ್ಕರೆ ಹಚ್ಚಿ, ಓದಿದವರಿಗೆ ಇಮೇಲ್ ಮಾಡುತ್ತಾರೆ. ಅವತ್ತು ಆಫೀಸಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಮೆಸೇಜು ಹಾಗೇ ಆ ಕಥೆ ಓದಿದ ತಾಯಿಗೆ ಫಾರ್ವರ್ಡ್ ಆಯಿತು. ಬೇಜಾರಾಗುತ್ತಾರೇನೋ ಅಂದುಕೊಂಡೆವು. ಅವರು ನಂಬರ್ ಇಸಿದುಕೊಂಡು ನೇರ ಸುರಪುರಕ್ಕೆ ಫೋನ್ ಮಾಡಿದರು. ಹುಡುಗರು ಎಲ್ಲಿ ಕೂತು ಕೇಳುತ್ತಾರೆ, ಸ್ಪೀಕರ್ ಇದೆಯಾ ಮೊಬೈಲಿನಲ್ಲೇ ಹಾಕುತ್ತೀರಾ, ನಡುವೆ ನಿಲ್ಲಿಸಿ ಚಿತ್ರ ತೋರಿಸುತ್ತೀರಾ. ಎಲ್ಲ ಕೇಳಿದರು. ಅದೇ ಕಥೆಯನ್ನು ನಿಧಾನವಾಗಿ, ಪುಟ ತಿರುಗಿಸುವಷ್ಟು ಹೊತ್ತು ಬಿಟ್ಟು ಬಿಟ್ಟು, ಮತ್ತೆ ಓದಿದರು. ಇವತ್ತಿಗೂ ಓದುತ್ತಿದ್ದಾರೆ. ಸುರಪುರದವರ ಕರೆ ನನಗಿಂತ ಅವರಿಗೇ ಜಾಸ್ತಿ ಹೋಗುತ್ತದೆ.

ಹೊಗಳಿಕೆಯಿಂದ ವಾಲಂಟಿಯರ್‌ಗಳನ್ನು ಉಳಿಸಿಕೊಳ್ಳಬಹುದು ಅಂತ ತುಂಬಾ ಜನ ನಂಬಿದ್ದಾರೆ. ಸರ್ಟಿಫಿಕೇಟ್, ಶಾಲು, ವರ್ಷದ ಕೊನೆಗೊಂದು ಮಗ್. ನಾನು ಕಂಡ ಹಾಗೆ ಜನ ಉಳಿಯುವುದು ತಮ್ಮ ಕೆಲಸದ ಬಗ್ಗೆ ಯಾರೋ ತಲೆ ಕೆಡಿಸಿಕೊಂಡು ತಕರಾರು ತೆಗೆದಾಗ. ತಕರಾರು ತೆಗೆಯುವಷ್ಟು ಗಮನ ಕೊಟ್ಟು ಕೇಳಿದರಲ್ಲ ಅಂತ. ಈಗ ಪ್ರತಿ ರೆಕಾರ್ಡಿಂಗಿಗೂ ಕೋಆರ್ಡಿನೇಟರ್‌ಗಳಿಂದ ಒಂದು ವಾಯ್ಸ್ ಮೆಸೇಜ್ ನೇರ ಓದಿದವರಿಗೆ ಹೋಗುತ್ತದೆ. ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಎದ್ದು ಆಡೋಕೆ ಹೋದರು, ಅಷ್ಟು ಸಾಕು. ಬರೆಯಬೇಕಿಲ್ಲ, ಫಾರಂ ಇಲ್ಲ. ಒಂದು ಕಟ್ಟುನಿಟ್ಟು ಮಾತ್ರ ಇದೆ. ನಂಬರ್ ಹಂಚಿಕೊಳ್ಳುವುದು ದೊಡ್ಡವರ ನಡುವೆ ಮಾತ್ರ. ಮಕ್ಕಳ ನಂಬರ್ ಯಾರಿಗೂ ಕೊಡುವುದಿಲ್ಲ, ಮಕ್ಕಳ ಮುಖ ಕಾಣುವ ಫೋಟೋ ಯಾರ ಸ್ಟೇಟಸ್‌ನಲ್ಲೂ ಹಾಕುವಂತಿಲ್ಲ. ಎಷ್ಟೇ ಒಳ್ಳೆಯವರಾದರೂ ಸರಿ. ಈ ವಿಷಯದಲ್ಲಿ ನಾನು ನಿಷ್ಠುರಿ ಅಂತ ಹೆಸರು ತಗೊಂಡಿದ್ದೇನೆ, ಇರಲಿ.

ವಾಟ್ಸ್‌ಆ್ಯಪ್ ಗ್ರೂಪ್ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗಲ್ಲ. 2022ರಲ್ಲಿ ಅದರ ಮಿತಿ 256 ಜನರಿಂದ 512ಕ್ಕೆ, ಆಮೇಲೆ ಅದೇ ವರ್ಷ 1024ಕ್ಕೆ ಏರಿತು. ಎನ್‌ಜಿಒಗಳಿಗೆ ಹಬ್ಬ. ಎಲ್ಲರನ್ನೂ ಒಂದೇ ಕಡೆ ತುಂಬಿ 'ನಮ್ಮ ಕುಟುಂಬ' ಅಂತ ಹೆಸರಿಟ್ಟರು. ಆಮೇಲೆ ಅದರಲ್ಲಿ ಒಂದು ಮೆಸೇಜ್ ಬೀಳುತ್ತದೆ. ಈ ಶನಿವಾರ ಪುಸ್ತಕ ಪ್ಯಾಕ್ ಮಾಡೋಕೆ ಯಾರಾದರೂ ಬರಬಹುದಾ? ಹತ್ತಾರು ಥಂಬ್ಸ್ ಅಪ್. ಶನಿವಾರ ಬಂದವರು ಆಫೀಸಿನವರು ಮಾತ್ರ.

ಇದು ಬೆಂಗಳೂರಿನವರ ಗುಣ ಏನಲ್ಲ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್ಮನ್ ಅನ್ನುವ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿ 1913ರಲ್ಲಿ ಬರೆದಿದ್ದಾರೆ. ಜನ ಜಾಸ್ತಿಯಾದ ಹಾಗೆ ಒಬ್ಬೊಬ್ಬರು ಎಳೆಯುವ ಬಲ ಕಡಿಮೆಯಾಗುತ್ತದೆ. ಎಂಟು ಜನ ಸೇರಿದರೆ ಒಬ್ಬೊಬ್ಬರೂ ಒಂಟಿಯಾಗಿ ಎಳೆಯುವುದರ ಹೆಚ್ಚುಕಡಿಮೆ ಅರ್ಧದಷ್ಟೇ ಎಳೆಯುತ್ತಾರೆ. 1979ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಜೊತೆಯವರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ಮತ್ತೆ ನೋಡಿದರು. ಕಣ್ಣು ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ನಿಮ್ಮ ಜೊತೆ ಇನ್ನೂ ಐದು ಜನ ಕೂಗುತ್ತಿದ್ದಾರೆ ಅಂತ ನಂಬಿಸಿದರೆ ಸಾಕು, ಒಬ್ಬರೇ ಇದ್ದರೂ ಮೆಲ್ಲಗೆ ಕೂಗುತ್ತಾರೆ. ಆದರೆ ಅವರೇ ಎರಡು ವರ್ಷ ಬಿಟ್ಟು ಇನ್ನೊಂದು ತೋರಿಸಿದರು, ನನಗೆ ಅದೇ ಮುಖ್ಯ. ನಿಮ್ಮ ದನಿಯನ್ನು ಬೇರೆಯಾಗಿಯೇ ಅಳೆಯುತ್ತಿದ್ದೇವೆ ಅಂತ ಹೇಳಿದರೆ ಆ ಮೆಲ್ಲಗಾಗುವಿಕೆ ಇರುವುದಿಲ್ಲ. ಅಂದರೆ ಜನ ಸೋಮಾರಿಗಳಲ್ಲ, ಗುಂಪಿನಲ್ಲಿ ತಾವು ಕಾಣುವುದಿಲ್ಲ ಅಷ್ಟೇ.

ಹಾಗಾದರೆ ಹೆಸರು ಹಿಡಿದು ಕೇಳಿದರೆ ಆಯಿತಲ್ಲ? ಪುಸ್ತಕದ ಉತ್ತರ ಅದೇ. ನಮ್ಮಲ್ಲಿ ಅದು ಅಷ್ಟು ಸುಲಭ ಅಲ್ಲ. ಎಲ್ಲರೆದುರು ಮೈಸೂರಿನ ಮೇಷ್ಟ್ರ ಹೆಸರು ಹಾಕಿ 'ಸರ್, ಇದನ್ನು ನೀವು ಮಾಡಿ' ಅಂತ ನಮ್ಮ ಇಪ್ಪತ್ತೈದರ ಹುಡುಗಿ ಬರೆದರೆ ಮೇಷ್ಟ್ರು ಮಾಡುತ್ತಾರೆ, ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಇನ್ನು ಕೆಲವರಿಗೆ ಎಲ್ಲರೆದುರು ಆಗಲ್ಲ ಅನ್ನೋಕೆ ಸಂಕೋಚ, ಹೂಂ ಅಂದು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಅದಕ್ಕೆ ನಾವು ಮೊದಲು ಖಾಸಗಿಯಾಗಿ ಫೋನ್ ಮಾಡುತ್ತೇವೆ. ಆರೋಗ್ಯ, ಊಟ, ಮೊಮ್ಮಗಳ ಪರೀಕ್ಷೆ ಎಲ್ಲ ವಿಚಾರಿಸಿ, ಇದು ನಿಮ್ಮಿಂದ ಆಗುತ್ತಾ ಸರ್ ಅಂತ ಕೇಳಿ, ಒಪ್ಪಿದ ಮೇಲೆ ಗ್ರೂಪಿನಲ್ಲಿ ಅವರ ಹೆಸರು, ಕೆಲಸ, ಯಾವತ್ತಿಗೆ ಅಂತ ಬರೆಯುತ್ತೇವೆ. ಸಮಯ ಹಿಡಿಯುತ್ತದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿ ಬಂದವರಿಗೆ ಇದು ಎರಡೆರಡು ಕೆಲಸ ಅನ್ನಿಸುತ್ತದೆ. ಮಾಡಲಿ ಬಿಡಿ ಅವರು ಅವರ ಥರ, ಶನಿವಾರ ಪುಸ್ತಕ ಪ್ಯಾಕ್ ಆಗುತ್ತಾ ನೋಡೋಣ.

ಬಿಟ್ಟು ಹೋಗುವ ದಾರಿಯನ್ನೂ ಸುಲಭ ಮಾಡಿದ್ದೇವೆ. ವಾಲಂಟಿಯರ್‌ಗಳನ್ನು ಮೂರು ತಿಂಗಳಿಗೆ ಮಾತ್ರ ಒಪ್ಪಿಸುತ್ತೇವೆ. ಮುಗಿದಾಗ ಮುಂದುವರೆಯುತ್ತೀರಾ ಅಂತ ಕೇಳುತ್ತೇವೆ. ಯಾರೂ 'ಬಿಡುತ್ತೇನೆ' ಅಂತ ಬಾಯಿಬಿಟ್ಟು ಹೇಳಬೇಕಿಲ್ಲ, ಅವಧಿ ತಾನಾಗಿ ಮುಗಿಯುತ್ತದೆ. ಹಾಗೆ ಗೌರವದಿಂದ ಹೋದವರು ಮತ್ತೆ ಬರುತ್ತಾರೆ. ಫೋನ್ ಎತ್ತದೆ ತಪ್ಪಿಸಿಕೊಂಡು ಹೋದವರು ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾರೆ ಪಾಪ.

(ಗುಡ್ ಮಾರ್ನಿಂಗ್ ಮೆಸೇಜ್‌ಗಳ ಬಗ್ಗೆ ಒಂದು ಮಾತು. ಆಫೀಸಿನವರಿಗೆ ಅವುಗಳ ಮೇಲೆ ಭಯಂಕರ ಸಿಟ್ಟು, ಬ್ಯಾನ್ ಮಾಡೋಣ ಅಂತ ಪ್ರತಿ ಮೀಟಿಂಗಿನಲ್ಲೂ ಬರುತ್ತದೆ. ನಾನು ಬಿಟ್ಟುಕೊಟ್ಟಿಲ್ಲ. ಮೇಲಧಿಕಾರಿ, ಸಹೋದ್ಯೋಗಿ ಯಾರೂ ಕಾಣದ ತಾಲ್ಲೂಕಿನಲ್ಲಿ ಒಬ್ಬರೇ ಕೆಲಸ ಮಾಡುವವರು ಬೆಳಿಗ್ಗೆ ಒಂದು ಗುಲಾಬಿ ಹೂವಿನ ಚಿತ್ರ ಹಾಕಿದರೆ ನಾನಿಲ್ಲಿದ್ದೇನೆ ಅಂತ ಹೇಳುತ್ತಿದ್ದಾರೆ ಅಷ್ಟೇ. ಅದಕ್ಕೆ ಬೇರೆ ಗ್ರೂಪ್ ಮಾಡಿಕೊಟ್ಟಿದ್ದೇವೆ. ಕೆಲಸದ ಗ್ರೂಪಿಗಿಂತ ಅದೇ ಚೆನ್ನಾಗಿ ನಡೆಯುತ್ತಿದೆ.)

ಮೀಟಿಂಗಿನ ಭಾಷೆ ಇನ್ನೊಂದು ದೊಡ್ಡ ವಿಷಯ. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದರೆ, ಅವರಲ್ಲಿ ಒಬ್ಬರಿಗೆ ಕನ್ನಡ ಬಾರದಿದ್ದರೆ, ಮೀಟಿಂಗ್ ಇಂಗ್ಲಿಷಿಗೆ ಜಾರುತ್ತದೆ. ಸೌಜನ್ಯ ಅಂತಲೇ ಜಾರುತ್ತದೆ. ಆಮೇಲೆ ಮಾನ್ವಿಯಿಂದ, ಹನೂರಿನಿಂದ ಸೇರಿದವರು ಮ್ಯೂಟ್ ಹಾಕಿಕೊಂಡು ಕೂರುತ್ತಾರೆ, ಕೊನೆಗೆ 'ನಿಮ್ಮ ಕಡೆ ಏನಾದರೂ ಇದೆಯಾ' ಅಂತ ಕೇಳಿದರೆ ಏನಿಲ್ಲ ಸರ್ ಅನ್ನುತ್ತಾರೆ. ಏನಿಲ್ಲ ಅಂದವರ ಹತ್ತಿರವೇ ಎಲ್ಲ ಇರುತ್ತದೆ. ಪುಸ್ತಕದ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ, ಹೊಸ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಗೆ, ಮಕ್ಕಳು ಹತ್ತಿ ಬಿಡಿಸೋಕೆ ಹೋಗುವ ತಿಂಗಳು ಯಾವುದು. ನಾವು ಲೆಕ್ಕ ತಿರುಗಿಸಿದೆವು. ಮೀಟಿಂಗ್ ಕನ್ನಡದಲ್ಲೇ. ಕನ್ನಡ ಬಾರದ ವಾಲಂಟಿಯರ್‌ಗಳಿಗೆ ಒಬ್ಬರು ಚಾಟ್‌ನಲ್ಲಿ ಇಂಗ್ಲಿಷಿನಲ್ಲಿ ಸಾರಾಂಶ ಹಾಕುತ್ತಾ ಹೋಗುತ್ತಾರೆ. ಮೊದಮೊದಲು ಕೆಲವರು ಗೊಣಗಿದರು. ಒಬ್ಬ ಒಡಿಶಾದ ಹುಡುಗ ಮಾತ್ರ ಕನ್ನಡ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ ಅಂತ ತಪ್ಪದೆ ಬರುತ್ತಾನೆ, ಈಗ ಅವನ ಕನ್ನಡದಲ್ಲಿ ಅರ್ಧ ರಾಯಚೂರು ಸೇರಿಕೊಂಡಿದೆ. ಝೂಮ್‌ಗೆ ನಾವು ದುಡ್ಡು ಕಟ್ಟಿಲ್ಲ, ಉಚಿತದ್ದು 40 ನಿಮಿಷಕ್ಕೆ ಕಟ್ ಆಗುತ್ತದೆ. ಅದೇ ಒಳ್ಳೆಯದಾಯಿತು. ವಿಡಿಯೋ ಆಫ್, ಮಾತು ಮಾತ್ರ, 40 ನಿಮಿಷದೊಳಗೆ ಮುಗಿಯಬೇಕು. ಫೀಲ್ಡಿನವರು ಮೊದಲು, ಆಫೀಸಿನವರು ಕೊನೆಗೆ. ಎಷ್ಟೋ ಸಲ ಆಫೀಸಿನವರ ಸರದಿ ಬರುವಷ್ಟರಲ್ಲಿ ಕಟ್ ಆಗಿರುತ್ತದೆ, ಯಾರಿಗೂ ನಷ್ಟ ಆದ ಹಾಗೆ ಕಾಣಲಿಲ್ಲ.

ಈಗ ಮೆಜೆಸ್ಟಿಕ್ ವಿಷಯ. ಹಳೇ ಬೆಂಗಳೂರಿಗರಿಗೆ ಗೊತ್ತಿರುತ್ತದೆ, ಎಲ್ಲಿಂದ ಎಲ್ಲಿಗೆ ಹೋಗಬೇಕಿದ್ದರೂ ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಾಯಿಸಬೇಕಿತ್ತು. ರಿಂಗ್ ರೋಡ್ ಬಂದು, ಅದರ ಮೇಲೆ 500 ನಂಬರಿನ ಬಸ್ಸುಗಳು ಓಡತೊಡಗಿದ ಮೇಲೆ ಹೆಬ್ಬಾಳದವರು ಸೀದಾ ಸಿಲ್ಕ್ ಬೋರ್ಡಿಗೆ ಬರುವಂತಾಯಿತು. ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇಟ್ಟುಕೊಂಡ ಎನ್‌ಜಿಒಗಳು ಇನ್ನೂ ಆ ಮೆಜೆಸ್ಟಿಕ್ ಕಾಲದಲ್ಲೇ ಇವೆ. ನಮ್ಮಲ್ಲೂ ಶಹಾಪುರದ ಕೋಆರ್ಡಿನೇಟರ್‌ಗೆ ಪಕ್ಕದ ಸುರಪುರದಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತಿದ್ದದ್ದು ಜಯನಗರದಿಂದ ಹೊರಡುವ ತಿಂಗಳ ವರದಿಯಲ್ಲಿ. ಅವೆರಡೂ ಒಂದೇ ಜಿಲ್ಲೆಯ ತಾಲ್ಲೂಕುಗಳು ಸ್ವಾಮಿ!

ನಮ್ಮಲ್ಲಿ ಇದನ್ನು ಒಡೆದದ್ದು ನಾವಲ್ಲ, ಸರ್ಕಾರದ ಬಸ್ಸು. ನಮ್ಮ ಕೋಆರ್ಡಿನೇಟರ್‌ಗಳಲ್ಲಿ ಹೆಂಗಸರೇ ಜಾಸ್ತಿ. ಮೊದಲು ಒಬ್ಬರು ಇನ್ನೊಬ್ಬರ ತಾಲ್ಲೂಕಿಗೆ ಹೋಗಬೇಕಿದ್ದರೆ ಟಿಎ (ಪ್ರಯಾಣ ಭತ್ಯೆ) ಬಿಲ್ ಬರೆಯಬೇಕು, ಕಾರಣ ಕೊಡಬೇಕು, ಆಫೀಸಿನಿಂದ ಅಪ್ರೂವಲ್ ಬರಬೇಕು. 'ಸುಮ್ನೆ ನೋಡ್ಕೊಂಡು ಬರೋಕೆ' ಅಂತ ಬಿಲ್ಲಿನಲ್ಲಿ ಬರೆಯೋಕಾಗುತ್ತಾ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರು ಆಧಾರ್ ಕಾರ್ಡ್ ತೋರಿಸಿದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಯಾರೂ ಹೇಳದೆ, ಯಾರನ್ನೂ ಕೇಳದೆ, ಇವರು ಒಬ್ಬರ ಕೇಂದ್ರಕ್ಕೆ ಒಬ್ಬರು ಹೋಗತೊಡಗಿದರು. ಒಬ್ಬರು ಚಾಪೆ ಹಾಕಿ ಮಕ್ಕಳನ್ನು ಅರ್ಧ ವೃತ್ತದಲ್ಲಿ ಕೂರಿಸುವುದನ್ನು ಇನ್ನೊಬ್ಬರು ನೋಡಿ ತಮ್ಮಲ್ಲೂ ಮಾಡಿದರು. ಒಂದು ಕಡೆ ಮೇಲ್ವಿಚಾರಕರಿಗೂ ನಮ್ಮವರಿಗೂ ಮನಸ್ತಾಪ ಆಗಿತ್ತು. ಪಕ್ಕದ ತಾಲ್ಲೂಕಿನ ಮೇಲ್ವಿಚಾರಕರೇ ಬಂದು ಚಹಾ ಕುಡಿಯುತ್ತಾ ಮಾತಾಡಿ ಸರಿ ಮಾಡಿ ಹೋದರು. ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಟ್ರೇನಿಂಗ್ ಮಾಡ್ಯೂಲ್ ಬರೆದು, ಪಿಪಿಟಿ ಮಾಡಿ ನಾವು ಹೇಳಿಕೊಡಬೇಕು ಅಂದುಕೊಂಡಿದ್ದರಲ್ಲಿ ಎಷ್ಟೋ ಅವರವರಲ್ಲೇ ಆಗಿಹೋಯಿತು. ಗಂಡಸು ಕೋಆರ್ಡಿನೇಟರ್‌ಗಳು ನಮಗೇನು ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಬಸ್ ಚಾರ್ಜನ್ನು ಈಗ ಕಾರಣ ಕೇಳದೆ ಕೊಡುತ್ತೇವೆ.

ಸಂಬಳದವರು ಮತ್ತು ವಾಲಂಟಿಯರ್‌ಗಳ ನಡುವಿನ ಬಿರುಕು ಇಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ವಾಲಂಟಿಯರ್‌ಗಳಿಗೆ ಬಿಡುವು ಶನಿವಾರ, ಭಾನುವಾರ. ಹಾಗಾಗಿ ವಾರವೆಲ್ಲ ದುಡಿದ ಕೋಆರ್ಡಿನೇಟರ್‌ಗಳ ಭಾನುವಾರ ಹಾಳು. ಒಂದು ಕಂಪನಿಯ ಬಸ್ ತುಂಬಾ ಜನ ಒಂದೇ ಬಣ್ಣದ ಟಿ-ಶರ್ಟ್ ಹಾಕಿಕೊಂಡು ಗ್ರಂಥಾಲಯದ ಗೋಡೆಗೆ ಬಣ್ಣ ಬಳಿಯೋಕೆ ಬಂದರು ಅನ್ನಿ. ಬಣ್ಣ, ಬ್ರಷ್, ಊಟ, ಟಾಯ್ಲೆಟ್, ಬ್ಯಾನರ್, ಪಂಚಾಯಿತಿ ಅಧ್ಯಕ್ಷರಿಗೆ ಹಾರ, ಎಲ್ಲ ಕೋಆರ್ಡಿನೇಟರ್ ತಲೆ ಮೇಲೆ. ಸಂಜೆ ಬಸ್ ಹೋದ ಮೇಲೆ ನೆಲಕ್ಕೆ ಚೆಲ್ಲಿದ ಬಣ್ಣ ಒರೆಸುವವರೂ ಅವರೇ. ಆ ಬಸ್ಸಿನವರು ಕೆಟ್ಟವರಲ್ಲ, ಖುಷಿಯಾಗಿ ಬಂದಿರುತ್ತಾರೆ, ಆದರೆ ಅವರ ಖುಷಿಗೆ ಯಾರು ಬೆವರು ಸುರಿಸಿದರು ಅಂತ ಯಾರೂ ಹೇಳಿರುವುದಿಲ್ಲ. ಈಗ ಅಂಥ ಭೇಟಿ ಬೇಕೋ ಬೇಡವೋ ಅನ್ನುವುದನ್ನು ಕೋಆರ್ಡಿನೇಟರ್ ನಿರ್ಧರಿಸುತ್ತಾರೆ. ಬೇಡ ಅಂದರೆ ಬೇಡ. ಬೇಕು ಅಂದರೆ ಆ ಭಾನುವಾರಕ್ಕೆ ಬದಲಿ ರಜೆ. ಒಂದೆರಡು ಕಂಪನಿಗಳು ಮುನಿಸಿಕೊಂಡವು. ಒಂದು ಮಾತ್ರ ಹಾಗಾದರೆ ನಾವೇನು ಮಾಡಬಹುದು ಅಂತ ಕೇಳಿತು, ಅವರ ಅಕೌಂಟ್ಸ್ ವಿಭಾಗದವರು ಈಗ ನಮ್ಮ ಲೆಕ್ಕ ಸರಿ ಮಾಡಿಕೊಡುತ್ತಾರೆ. ಗೋಡೆ ಬಣ್ಣಕ್ಕಿಂತ ಎಷ್ಟೋ ಉಪಯೋಗ, ಫೋಟೋ ಮಾತ್ರ ಚೆನ್ನಾಗಿ ಬರಲ್ಲ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ಇಷ್ಟೆಲ್ಲ ಆದ ಮೇಲೂ ಎದುರಾಬದುರು ಸೇರುವುದಕ್ಕೆ ಬದಲಿ ಇಲ್ಲ. ಸೇರಬೇಕು ಅಂದರೆ ಸ್ಲೀಪರ್ ಟಿಕೆಟ್, ಎರಡು ರಾತ್ರಿ ಉಳಿಯುವ ಜಾಗ, ಊಟ. ಬೆಂಗಳೂರಿನಲ್ಲಿ ನಮ್ಮಂಥವರು ಸೇರುವ ಜಾಗಗಳು ಕೆಲವೇ ಕೆಲವು. ಮಿಷನ್ ರೋಡಿನ ಎಸ್‌ಸಿಎಂ ಹೌಸ್, ಸೇಂಟ್ ಮಾರ್ಕ್ಸ್ ರೋಡಿನ ಆಶೀರ್ವಾದ್, ಕುಮಾರಕೃಪಾ ರಸ್ತೆಯ ಗಾಂಧಿ ಭವನ. ರೆಸಾರ್ಟ್ ಯಾರೂ ಕೇಳುತ್ತಿಲ್ಲ. ಆದರೂ ಬಜೆಟ್ಟಿನಲ್ಲಿ ಈ ಸಾಲಿಗೇ ಮೊದಲು ಕತ್ತರಿ ಬೀಳುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಅದರ ನಿಯಮಗಳಲ್ಲಿ ಆಡಳಿತ ವೆಚ್ಚ 5% ಮೀರಬಾರದು ಅಂತಿದೆ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಸಂಬಂಧಿಸಿದ್ದು. ಆದರೆ ಮೇಜಿನ ಆ ಕಡೆ ಕೂತ ಕಂಪನಿಯವರು ಅದೇ 5% ಹಿಡಿದು ನಮ್ಮ ಬಜೆಟ್ ನೋಡುವುದನ್ನು ನಾನು ಕಂಡಿದ್ದೇನೆ. ವಿದೇಶಿ ದೇಣಿಗೆ ಪಡೆಯುವವರಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50%ರಿಂದ 20%ಕ್ಕೆ ಇಳಿಸಿತು. ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡುವುದನ್ನೂ ನಿಲ್ಲಿಸಿತು. ದೊಡ್ಡ ಸಂಸ್ಥೆಯ ಆಸರೆಯಲ್ಲಿ ಊರೂರಲ್ಲಿ ಕೆಲಸ ಮಾಡುತ್ತಿದ್ದ ಸಣ್ಣವರಿಗೆ ಅದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ನನ್ನ ವಾದ ಇಷ್ಟೇ. ಹತ್ತು ಜನ ಹತ್ತು ತಾಲ್ಲೂಕಿನಲ್ಲಿ ಮಾಡುವ ಕೆಲಸದಲ್ಲಿ ಅವರು ಒಬ್ಬರನ್ನೊಬ್ಬರು ಕಾಣುವುದು ಕಾರ್ಯಕ್ರಮದ ಖರ್ಚು, ಆಡಳಿತದ ಖರ್ಚಲ್ಲ. ಪುಸ್ತಕ ಕೊಂಡರೆ ಕಾರ್ಯಕ್ರಮ, ಅದನ್ನು ಓದಿ ಹೇಳುವವರು ಸೇರಿ ಮಾತಾಡಿದರೆ ಆಡಳಿತ, ಇದ್ಯಾವ ಲೆಕ್ಕ?

ಸದ್ಯ ತಲೆಯಲ್ಲಿರುವುದು ಹನೂರಿನ ಕೋಆರ್ಡಿನೇಟರ್‌ನನ್ನು ಸುರಪುರಕ್ಕೆ ಒಂದು ವಾರ ಕಳಿಸುವುದು. ರಾಜ್ಯದ ಆ ತುದಿ ಈ ತುದಿ. ಇಬ್ಬರೂ ಫೋನಿನಲ್ಲಿ ಈಗಾಗಲೇ ಗೆಳೆಯರು. ಸುರಪುರದವರು ಅವನಿಗೆ ರೊಟ್ಟಿ ಅಭ್ಯಾಸ ಮಾಡಿಕೊಂಡು ಬಾ ಅಂದಿದ್ದಾರೆ, ಅವನು ಅಲ್ಲಿನ ಬಿಸಿಲಿಗೆ ಹೆದರಿ ಡಿಸೆಂಬರ್ ಆಗಲಿ ಅಂದಿದ್ದಾನೆ. ನಡುವೆ ಬೆಂಗಳೂರಿನಲ್ಲಿ ರೈಲು ಬದಲಾಯಿಸುವಾಗ ಆಫೀಸಿಗೆ ಬಂದು ಹೋಗುತ್ತೀಯಾ ಅಂತ ಕೇಳಿದೆ. ಟೈಮ್ ಇದ್ದರೆ ನೋಡೋಣ ಮೇಡಂ ಅಂದ. ಖರ್ಚನ್ನು ಲೆಕ್ಕದ ಯಾವ ಹೆಡ್ಡಿನಲ್ಲಿ ತೋರಿಸಬೇಕು ಅಂತ ನಮ್ಮ ಅಕೌಂಟೆಂಟ್ ಇನ್ನೂ ಒಪ್ಪಿಲ್ಲ. ತರಬೇತಿ ಅಂತ ಬರೆಯಿರಿ ಅಂದಿದ್ದೇನೆ. ತರಬೇತಿ ಕೊಡುವವರ ಹೆಸರೇನು ಅಂತ ಕೇಳುತ್ತಿದ್ದಾರೆ.